ಫ್ರಿಜ್ಜಿನಲ್ಲಿ ನನ್ನ ಹೆಸರು

ಐನ್ ಖಾಲಿದ್, ದೋಹಾ
16 ಮೇ 1997, ಶುಕ್ರವಾರ

ಪ್ರೀತಿಯ ಜಲಜಕ್ಕನಿಗೆ,

ನಿನ್ನ ತಂಗಿ ವಾರಿಜಾ ಮಾಡುವ ನಮಸ್ಕಾರ. ಇಲ್ಲಿ ನಾವಿಬ್ಬರೂ ಉಂಡುಟ್ಟು ಇದ್ದೇವೆ. ನಿನ್ನ ಎರಡು ಪತ್ರಗಳು ಟಿವಿಯ ಮೇಲೆ ಕುಳಿತು ದಿನಾ ನನ್ನ ಮುಖ ನೋಡುತ್ತಿವೆ. ಬರೆಯದೆ ಇದ್ದದ್ದಕ್ಕೆ ಬೈಯಬೇಡ. ಪೆನ್ನು ಹಿಡಿದರೆ ನಿನ್ನ ಹೆಸರು ಬರೆಯುವಷ್ಟರಲ್ಲೇ ಕೈ ಸೋಲುತ್ತಿತ್ತು. ಇವತ್ತು ಇವರು ಬೆಳಿಗ್ಗೆಯೇ ಗೆಳೆಯರೊಬ್ಬರ ಮನೆ ಸಾಮಾನು ಸಾಗಿಸಲು ಅಬು ಹಮೂರಿಗೆ ಹೋಗಿದ್ದಾರೆ. ನಾಳೆ ಮಾರಿಸ್ ಊರಿಗೆ ಹೊರಟಿದ್ದಾರೆ. ನಮ್ಮದೇ ವಿಲ್ಲಾದ ಇನ್ನೊಂದು ಪಾಲಿನಲ್ಲಿರುವ ನರ್ಸ್ ರೋಸಲಿನ್‌ಳ ಗಂಡ. ಅವರ ಕೈಯಲ್ಲಿ ಕಳಿಸಿದರೆ ವಾರದೊಳಗೆ ನಿನಗೆ ಸಿಗುತ್ತದೆ. ಲಕೋಟೆಗೆ ಎರಡು ಸಲ ಅಂಟು ಹಚ್ಚಿದ್ದೇನೆ. ಭಾವನವರ ಎದುರು ಒಡೆಯಬೇಡ.

ಸೆಕೆ ಶುರುವಾಗಿದೆ. ನಳ್ಳಿ ತಿರುಗಿಸಿದರೆ ಚಹಾಕ್ಕೆ ಇಡಬಹುದಾದಂಥ ನೀರು ಬರುತ್ತದೆ. ಮಕ್ಕಳಿಗೆ ಹಾಲಿನ ಪುಡಿ, ಟ್ಯಾಂಗ್, ಭಾವನವರಿಗೆ ಒಂದು ಟಾರ್ಚು ಕಳಿಸಿದ್ದೇನೆ. ನಿನಗೆ ಸೀರೆ ಕೊಳ್ಳಲು ಅಂಗಡಿಯ ತನಕ ಹೋಗಿದ್ದೆ. ಬಾಗಿಲಲ್ಲಿ ಊರಿನ ಇಬ್ಬರು ಹೆಂಗಸರು ಕಂಡರು, ಹಾಗೇ ತಿರುಗಿ ಬಂದೆ. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ.

ನೀನು ಕೇಳಿದ್ದಕ್ಕೆ ಬರುತ್ತೇನೆ. ‘ಯಜ್ಞೇಶ್ ನಿನ್ನ ಮದ್ದು ಕದ್ದು ಚುಚ್ಚಿಸಿಕೊಂಡು ಮೆಡಲ್ ಹೊಡೆದನಂತೆ, ಹೌದಾ ಮಾರಾಯ್ತಿ?’ ಎಂದು ಬರೆದಿದ್ದೀಯಲ್ಲ. ಸುದ್ದಿ ಸುರತ್ಕಲ್ ತನಕ ಬಂದದ್ದು ನನಗೇನೂ ಆಶ್ಚರ್ಯವಲ್ಲ. ಇಲ್ಲಿ ಒಬ್ಬ ಕೆಮ್ಮಿದರೆ ಅಲ್ಲಿ ಕಷಾಯ ಕುದಿಸುತ್ತಾರೆ. ಆದರೆ ಅಕ್ಕ, ಅದು ನನ್ನ ಮದ್ದಲ್ಲ. ಇವರದೇ.

ನಮ್ಮ ಮದುವೆಯಾಗಿ ಹನ್ನೊಂದು ವರ್ಷ ಆಯಿತು. ಈ ಹನ್ನೊಂದು ವರ್ಷವೂ ಮಕ್ಕಳಾಗಲೆಂದು ಅತ್ತೆ ನನ್ನನ್ನು ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗಿ ಆಶ್ಲೇಷ ಬಲಿ ಮಾಡಿಸಿದ್ದು, ನಾಗನಿಗೆ ತಂಬಿಲದ ಪೂಜೆ ಕೊಡಿಸಿದ್ದು, ಕಂಡಕಂಡವರ ಕಷಾಯ ಕುಡಿಸಿದ್ದು ನಿನಗೆ ಗೊತ್ತು. ಕಳೆದ ವರ್ಷ ಇಲ್ಲಿಯ ಮಲಯಾಳಿ ಡಾಕ್ಟರಮ್ಮ ಇಬ್ಬರನ್ನೂ ಪರೀಕ್ಷೆ ಮಾಡಿ, ‘ನಿನಗೆ ಏನೂ ತೊಂದರೆ ಇಲ್ಲ’ ಎಂದರು. ತೊಂದರೆ ಇವರಿಗೆ. ದೇಹದಲ್ಲಿ ಹಾರ್ಮೋನು ಕಡಿಮೆ, ಅದನ್ನು ಎಬ್ಬಿಸಲು ವಾರಕ್ಕೆ ಎರಡು ಇಂಜೆಕ್ಷನ್. ಮನೆಗೆ ಬಂದ ಮೇಲೆ ಇವರು, ‘ಊರಿಗೆ ಗೊತ್ತಾಗುವುದು ಬೇಡ’ ಎಂದರು. ನಾನೂ ಹೂಂ ಎಂದೆ. ಅಳು ಬಂತು, ಯಾವುದಕ್ಕೆಂದು ಮಾತ್ರ ಗೊತ್ತಾಗಲಿಲ್ಲ.

ಇಂಜೆಕ್ಷನ್ನನ್ನು ತಣ್ಣಗೆ ಇಡಬೇಕು. ವಿಲ್ಲಾದಲ್ಲಿ ಎರಡು ಸಂಸಾರಕ್ಕೆ ಒಂದೇ ಫ್ರಿಜ್. ರೋಸಲಿನ್‌ಗೆ ವಿಷಯ ಗೊತ್ತು, ಚುಚ್ಚುವವಳೇ ಅವಳು. ಆದರೆ ಶುಕ್ರವಾರ ಬಂತೆಂದರೆ ಅವಳ ಮನೆಗೂ ನಮ್ಮ ಮನೆಗೂ ಜನ. ತಣ್ಣೀರಿಗೆಂದು ಯಾರು ಬೇಕಾದರೂ ಫ್ರಿಜ್ ತೆಗೆಯುತ್ತಾರೆ. ಅದಕ್ಕೆ ಮೊದಲ ದಿನವೇ ನಾನು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘ವಾರಿಜಾ’ ಎಂದು ಬರೆದಿಟ್ಟೆ. ಹೆಂಗಸಿನ ಹೆಸರಿದ್ದರೆ ಯಾರೂ ಏನೂ ಕೇಳುವುದಿಲ್ಲ. ಹೇಗೂ ಎಲ್ಲರೂ ನನ್ನದೇ ದೋಷ ಎಂದುಕೊಂಡಿದ್ದರಲ್ಲ, ಇನ್ನೊಂದು ಪೆಟ್ಟಿಗೆಯಿಂದ ನನಗೆ ಹೋಗುವುದೇನು ಎಂದುಕೊಂಡೆ.

ಇವರ ಭಾರ ಎತ್ತುವ ಹುಚ್ಚು ನಿನಗೆ ಗೊತ್ತೇ ಇದೆ. ಊರಿನ ವ್ಯಾಯಾಮಶಾಲೆಯಲ್ಲಿ ಹನುಮಂತನ ಪಟಕ್ಕೆ ಕೈಮುಗಿದು ಶುರು ಮಾಡಿದ್ದು, ನಲವತ್ತು ದಾಟಿದರೂ ಬಿಟ್ಟಿಲ್ಲ. ವೆಸ್ಟ್ ಬೇಯ ಆಫೀಸಿನ ಸ್ಟೋರಿನಲ್ಲಿ ದಿನವಿಡೀ ನಿಂತು ಬಂದು, ಸಂಜೆ ಜಿಮ್ಮಿಗೆ ಓಡುತ್ತಾರೆ. ಫೆಬ್ರವರಿಯಲ್ಲಿ ಇಲ್ಲಿಯ ಒಂದು ಕ್ಲಬ್ಬು ಪವರ್‌ಲಿಫ್ಟಿಂಗ್ ಸ್ಪರ್ಧೆ ಇಟ್ಟಿತು. ನಲವತ್ತು ದಾಟಿದವರಲ್ಲಿ ಇವರೇ ಮೊದಲು. ಗೆದ್ದವರು ಪರೀಕ್ಷೆಗೆ ಮೂತ್ರ ಕೊಡಬೇಕೆಂದು ನಿಯಮ. ಯಾವ ಮದ್ದು ತೆಗೆದುಕೊಳ್ಳುತ್ತೀರಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದವನು ಫಿಡೆಲಿಸ್, ಇಲ್ಲಿ ನಮ್ಮೂರವರ ಭಾರ ಎತ್ತುವ ಸಂಘದ ಕಾರ್ಯದರ್ಶಿ. ಊರಿನವನ ಎದುರು ಹೇಗೆ ಹೇಳುವುದು? ‘ಎಂತದೂ ಇಲ್ಲ’ ಎಂದರಂತೆ. ಡೋಪಿಂಗ್ ಎಂದರೆ ಖಂಡ ಉಬ್ಬಿಸುವ ಮಾತ್ರೆ, ಡಾಕ್ಟರು ಕೊಟ್ಟದ್ದಕ್ಕೆ ಯಾವ ತೊಂದರೆಯೂ ಇಲ್ಲ ಎಂದು ಇಬ್ಬರೂ ನಂಬಿದ್ದೆವು.

ಏಪ್ರಿಲ್ ಮೊದಲಲ್ಲಿ ಫಲಿತಾಂಶ ಬಂತು. ಸ್ಪರ್ಧೆಗೆ ಇಳಿಯುವ ಗಂಡಸರಿಗೆ ಆ ಮದ್ದು ನಿಷೇಧವಂತೆ. ಬಸುರಿ ಹೆಂಗಸರ ಮೂತ್ರದಲ್ಲಿ ಕಾಣುವ ಹಾರ್ಮೋನೇ ಅದು, ಚುಚ್ಚಿಸಿಕೊಂಡ ಗಂಡಸಿನ ಮೈಯಲ್ಲಿ ಶಕ್ತಿಯ ಹಾರ್ಮೋನನ್ನು ಏರಿಸುತ್ತದಂತೆ. ಜಿಮ್ಮಿನಲ್ಲಿ ಒಬ್ಬ, ‘ಯಜ್ಞೇಶಣ್ಣಾ, ನಿಮಗೀಗ ಎಷ್ಟನೇ ತಿಂಗಳು?’ ಎಂದು ಕೇಳಿದನಂತೆ. ನಗು ಬಂದರೆ ನಕ್ಕುಬಿಡು ಅಕ್ಕ, ನಾನೂ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ನಕ್ಕಿದ್ದೇನೆ. ಹನ್ನೊಂದು ವರ್ಷದಲ್ಲಿ ಈ ಮನೆಯಲ್ಲಿ ಬಸುರಿನ ಗುರುತು ಕಂಡದ್ದು ಅವರಲ್ಲಿ.

ಅದೇ ತಿಂಗಳ ನಡುವಿನಲ್ಲಿ ವಿಚಾರಣೆ. ನನ್ನನ್ನೂ ಕರೆದಿದ್ದರು. ಹಿಂದಿನ ಸಂಜೆ ನಾನೊಬ್ಬಳೇ ಡಾಕ್ಟರಮ್ಮನ ಬಳಿ ಹೋಗಿ ಸರ್ಟಿಫಿಕೇಟ್ ಬರೆಸಿ, ಇವರಿಗೆ ತೋರಿಸಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಅಲ್ಲಿ ಕ್ಲಬ್ಬಿನ ಇಬ್ಬರು, ಒಬ್ಬ ಈಜಿಪ್ಟಿನ ಡಾಕ್ಟರ್, ಭಾಷೆ ತಿಳಿಸಲು ಮತ್ತೆ ಫಿಡೆಲಿಸ್. ಡಾಕ್ಟರ್ ಒಳ್ಳೆಯವರು. ‘ಚಿಕಿತ್ಸೆಗೆಂದು ತೆಗೆದುಕೊಂಡಿದ್ದರೆ ಕಾಗದ ತೋರಿಸಿ. ಮೆಡಲ್ ಹೇಗೂ ಉಳಿಯುವುದಿಲ್ಲ, ಆದರೆ ಮೋಸ ಮಾಡಿದಿರಿ ಎಂದು ಬರೆಯುವುದಿಲ್ಲ, ನಿಷೇಧವನ್ನೂ ಹಾಕುವುದಿಲ್ಲ’ ಎಂದರು. ಫಿಡೆಲಿಸ್ ನನ್ನ ಕಡೆ ಬಗ್ಗಿ, ‘ಕಾಗದ ಉಂಟಾ ವಾರಿಜಕ್ಕ? ಇದ್ರೆ ಕೊಡಿ, ಇವತ್ತೇ ಖಲಾಸ್ ಆಗ್ತದೆ’ ಎಂದ.

ನಾನು ಬ್ಯಾಗಿನ ಜಿಪ್ಪಿಗೆ ಕೈ ಹಾಕಿದೆ. ಅಷ್ಟರಲ್ಲಿ ಇವರು ಪ್ಯಾಂಟಿನ ಜೇಬಿನಿಂದ ಇಂಜೆಕ್ಷನ್ನಿನ ಖಾಲಿ ಪೆಟ್ಟಿಗೆ ತೆಗೆದು ಮೇಜಿನ ಮೇಲೆ ಇಟ್ಟರು. ಅದರ ಮೇಲೆ ನನ್ನ ಅಕ್ಷರ. ‘ಇದು ಹೆಂಡತಿಯ ಮದ್ದು. ಅವಳಿಗೆ ಮಕ್ಕಳಾಗುವುದಿಲ್ಲ. ಶಕ್ತಿ ಬರ್ತದೆ ಅಂತ ಯಾರೋ ಹೇಳಿದ್ರು, ಕದ್ದು ಚುಚ್ಚಿಕೊಂಡೆ. ನನ್ನದೇ ತಪ್ಪು’ ಎಂದರು. ಆ ಪೆಟ್ಟಿಗೆಯನ್ನು ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಜೇಬಿಗೆ ಹಾಕಿಕೊಂಡಿದ್ದರಲ್ಲ ಅಕ್ಕ. ನಾನು ಪಕ್ಕದಲ್ಲೇ ನಿಂತು ಅವರ ಅಂಗಿಯ ಕಾಲರ್ ಸರಿ ಮಾಡಿದ್ದೆ.

ಡಾಕ್ಟರ್ ನನ್ನನ್ನು, ‘ಈ ಮದ್ದು ನಿಮ್ಮದೇ?’ ಎಂದು ಕೇಳಿದರು. ಎರಡಾಳು ತೂಕ ಎತ್ತುವ ಇವರು ತಲೆ ಎತ್ತದೆ ನೆಲ ನೋಡುತ್ತಿದ್ದರು. ನಾನು, ‘ನನ್ನದೇ’ ಎಂದೆ.

ಎರಡು ವರ್ಷ ನಿಷೇಧ ಆಯಿತು. ಕಳ್ಳ ಎಂದು ಕರೆಸಿಕೊಳ್ಳುವುದು ಅವರಿಗೆ ಅಷ್ಟೇನೂ ಕಷ್ಟವಾಗಿಲ್ಲ. ‘ಗಂಡಸರು ಗೆಲ್ಲಲಿಕ್ಕೆ ಏನೂ ಮಾಡ್ತಾರೆ’ ಎಂದು ಜನ ಬೆನ್ನು ತಟ್ಟಿ ಮರೆಯುತ್ತಿದ್ದಾರೆ. ನನ್ನನ್ನು ಕಂಡರೆ ಮಾತ್ರ ಹೆಂಗಸರು ದನಿ ಇಳಿಸುತ್ತಾರೆ, ವೈದ್ಯರ ವಿಳಾಸ ಕೊಡುತ್ತಾರೆ. ಅತ್ತೆಯ ಪತ್ರವೂ ಬಂದಿದೆ: ಮಗನ ಮರ್ಯಾದೆ ಹೋದದ್ದು ನನ್ನ ಮದ್ದಿನಿಂದಂತೆ. ಇವರು ಓದಿ, ಮಡಚಿ, ‘ಅಮ್ಮ ಹಳೇ ಕಾಲದವರು’ ಎಂದರು. ರೋಸಲಿನ್ ಇವರೊಡನೆ ಮಾತು ಬಿಟ್ಟಿದ್ದಾಳೆ. ನನಗೆ ಅಷ್ಟು ಸಿಟ್ಟೂ ಬರುವುದಿಲ್ಲ ಅಕ್ಕ, ಸುಸ್ತಾಗುತ್ತದೆ. ಬಟ್ಟೆ ಒಣಹಾಕಲು ಕೈ ಎತ್ತಿದರೆ ಸುಸ್ತು. ರಾತ್ರಿ ಇವರು, ‘ಚಪಾತಿ ಮೆತ್ತಗಾಗಿದೆ’ ಎಂದು ಹೊಗಳಿದರೆ ಇನ್ನಷ್ಟು ಸುಸ್ತು.

ಅಮ್ಮನಿಗೆ ಇದೊಂದನ್ನೂ ಹೇಳಬೇಡ, ಪ್ರೆಶರ್ ಏರುತ್ತದೆ. ಭಾವನವರಿಗೆ ನಮಸ್ಕಾರ. ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಆಶೀರ್ವಾದ; ಚೆನ್ನಾಗಿ ಓದಲಿ, ಚೆನ್ನಾಗಿ ಉಣ್ಣಲಿ. ನೀನು ಸೊಂಟಕ್ಕೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ
ವಾರಿಜಾ

ಮರೆತೆನೆಂದಲ್ಲ, ಮೇಲೆ ಬರೆಯಲು ಆಗಲಿಲ್ಲ: ಸರ್ಟಿಫಿಕೇಟ್ ಬರೆಸಲು ಹೋದ ಸಂಜೆ ಡಾಕ್ಟರಮ್ಮ ಇವರ ಹೊಸ ರಿಪೋರ್ಟ್ ನೋಡಿ, ಮದ್ದು ಹಿಡಿದಿದೆ, ಇನ್ನು ಮೂರು ತಿಂಗಳು ಬಿಡದೆ ಕೊಟ್ಟರೆ ಮಗು ಆಗುವ ಆಸೆ ಇಟ್ಟುಕೊಳ್ಳಬಹುದು ಎಂದಿದ್ದರು. ಇವರಿಗೆ ಅದನ್ನೂ ಹೇಳಿದ್ದೆ. ವಿಚಾರಣೆ ಮುಗಿಸಿ ಬಂದು ಇವರು, ‘ಉಳಿದ ಇಂಜೆಕ್ಷನ್ ಬಿಸಾಡು. ಪುನಃ ಟೆಸ್ಟಿಗೆ ಕರೆದರೆ? ಎರಡು ವರ್ಷ ಕಳೀಲಿ, ನಾನು ಒಂದು ಸಲವಾದರೂ ಗೆದ್ದು ಮುಖ ತೋರಿಸಬೇಕು, ಆಮೇಲೆ ನೋಡುವ’ ಎಂದರು. ಅವರಿಗೆ ಎರಡು ವರ್ಷ ಇದೆ. ನನಗೆ ಬರುವ ತಿಂಗಳು ಮೂವತ್ತೊಂಬತ್ತು ತುಂಬುತ್ತದೆ. ನಾನು ಇನ್ನೂ ಬಿಸಾಡಿಲ್ಲ. ಮೊಸರಿನ ಪಾತ್ರೆಯ ಹಿಂದೆ ತಣ್ಣಗೆ ಇದೆ. ದಿನಾ ಬಾಗಿಲು ತೆಗೆದಾಗ ಅವರಿಗೂ ಕಾಣುತ್ತದೆ, ಏನೂ ಹೇಳುವುದಿಲ್ಲ. ಏನು ಹೇಳಿಯಾರು? ನಾಲ್ಕು ಜನರೆದುರು ಅದು ನನ್ನದೆಂದು ಹೇಳಿದವರು ಅವರೇ ಅಲ್ಲವೇ.