ದಾರದ ಅಳತೆ

ಸನತ್‌ನಗರ, ಹೈದರಾಬಾದ್
ಮಂಗಳವಾರ

ಅವ್ವನಿಗೆ ಶಾಂಭವಿಯ ನಮಸ್ಕಾರ.

ಪಂಚಮಿಗೆಂದು ನೀನು ಹೊಲಿದು ಕಳಿಸಿದ ಕುಲಾಯಿ ಮುಟ್ಟಿತು. ಕೂಸಿನ ತಲೆಗೆ ಇಳಿಯಲಿಲ್ಲ. ನಾನು ಅಳತೆಗೆ ಕಳಿಸಿದ ದಾರ ನೋಡಿ, "ಹಾಲು ಕುಡಿಯೋ ಕೂಸಿನ ತಲಿ ಇಷ್ಟ ದೊಡ್ಡದಿರತೈತೇನು? ಹುಡುಗಿ ಅಳತಿ ತಪ್ಪ್ಯಾಳ" ಎಂದು ನಕ್ಕು ಸಣ್ಣದು ಹೊಲಿದೆಯಂತೆ. ಕುಲಾಯಿ ತಂದುಕೊಟ್ಟ ನಮ್ಮೂರ ಹುಲಗೇಶಣ್ಣ ಹೇಳಿದ.

ನಾನು ತಪ್ಪಿರಲಿಲ್ಲ ಅವ್ವ. ಕೂಸಿನ ತಲೆಯಲ್ಲಿ ನೀರು ತುಂಬುತ್ತಿದೆ. ಇನ್ನು ಆಪರೇಷನ್ ಮಾಡಿ ಉಪಯೋಗವಿಲ್ಲ, "ಘರ್ ಲೇಕೇ ಜಾವ್ ಅಮ್ಮಾ", ಮನೆಗೆ ಕರೆದುಕೊಂಡು ಹೋಗಮ್ಮಾ, ಎಂದರು ಡಾಕ್ಟರು. ನಿನ್ನ ಅಳಿಯ ಬೆಳಗಾದರೆ ಕಾರ್ಖಾನೆಗೆ ಹೋಗುತ್ತಾರೆ, ಅಷ್ಟೇ.

ಹೊಸ ದಾರಕ್ಕೆ ಗಂಟು ಹಾಕಿ ಹುಲಗೇಶಣ್ಣನ ಕೈಯಲ್ಲಿ ಕಳಿಸಿದ್ದೇನೆ. ಗಂಟಿನಿಂದ ಗಂಟಿಗೆ ಎಷ್ಟಿದೆಯೋ ಅಷ್ಟೇ ಹೊಲಿ. ನಿನ್ನ ಹಳೆಯ ಸೀರೆಯ ಮೆತ್ತನೆಯ ಅರಿವೆಯಾಗಲಿ. ಕುಲಾಯಿಯ ಅಂಚಿಗೆ ಗೆಜ್ಜೆ ಬೇಡ, ಕೂಸಿಗೆ ಭಾರವಾಗುತ್ತದೆ.

ಜೊತೆಗೊಂದು ಅಂಗಿಯನ್ನೂ ಹೊಲಿ. ಬೆಳೆಯುವ ಕೂಸೆಂದು ನೀನು ಯಾವಾಗಲೂ ಎರಡು ಬೆರಳು ಅರಿವೆ ಒಳಗೆ ಮಡಚಿ ಬಿಡುತ್ತೀಯಲ್ಲ, ಈ ಸಲ ಅದು ಬೇಡ. ಈಗಿನ ಮೈಗೆ ಸರಿಯಾದರೆ ಸಾಕು.

ನಿನ್ನ ಮಗಳು
ಶಾಂಭವಿ