ಕೊರಗಪ್ಪಣ್ಣನ ಮೂರನೇ ಸೀಲು

ಬ್ನೇದ್ ಅಲ್ ಗಾರ್, ಕುವೈತ್
ಶುಕ್ರವಾರ, 7 ನವೆಂಬರ್ 2025

ಪ್ರೀತಿಯ ರಶೀದಾ,

ಹೇಗಿದ್ದೀಯಾ? ಮನೆಯವರು, ಮಕ್ಕಳು, ಫರಂಗಿಪೇಟೆಯಲ್ಲಿರುವ ನಿನ್ನ ಉಮ್ಮ ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ನೀನು ಊರಿಗೆ ಹೋಗಿ ವರ್ಷ ದಾಟಿತು. ಈದ್‌ಗೊಂದು ಹೂವಿನ ಚಿತ್ರ ಕಳಿಸಿದ್ದು ಬಿಟ್ಟರೆ ನನ್ನಿಂದ ಒಂದು ಮಾತಿಲ್ಲ. ಬೈಯುವುದಿದ್ದರೆ ಬೈದುಬಿಡು, ಆಮೇಲೆ ಮುಂದೆ ಓದು. ಫೋನಿನಲ್ಲಾದರೆ ನಾನು ಅರ್ಧಕ್ಕೇ ನಗಾಡಿ ಮಾತು ತಪ್ಪಿಸುತ್ತೇನೆ, ಅದಕ್ಕೇ ಕಾಗದ. ಕೆಳಗಿನ ಫ್ಲ್ಯಾಟಿನ ಸವಾದ್ ನಾಳೆ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೊದಲು ದೊಡ್ಡ ಸುದ್ದಿ. ನಿನ್ನ ಹರಿಣಕ್ಕ ಗೆದ್ದಳು.

ನೀನು ಹೋದ ಮೇಲೆ ಮಿರ್ಕಾಬಿನ ನಮ್ಮ ಟ್ರಾವೆಲ್ಸ್ ಆಫೀಸಿಗೆ ಕೊನ್ರಾಡ್ ಎಂಬ ಹೊಸ ಮ್ಯಾನೇಜರ್ ಬಂದ. ಮೂವತ್ತೆರಡು ವರ್ಷ, ಕಂಪ್ಯೂಟರ್ ಬಿಟ್ಟು ಬೇರೆ ಯಾವುದನ್ನೂ ನಂಬುವವನಲ್ಲ. ನಾನು ಗಿರಾಕಿಗಳ ಪಾಸ್‌ಪೋರ್ಟನ್ನು ಮೊದಲ ಪುಟದಿಂದ ಕೊನೆಯವರೆಗೆ ತಿರುವಿ ಸೀಲು ಎಣಿಸುವುದನ್ನು ಕಂಡರೆ ಅವನಿಗೆ ನಗು. ಮೇಡಂ ಜಾತಕ ನೋಡುತ್ತಿದ್ದಾರೆ ಎಂದು ಎಲ್ಲರೆದುರು ತಮಾಷೆ ಮಾಡುತ್ತಿದ್ದ. ಇಪ್ಪತ್ತೆರಡು ವರ್ಷ ಅದೇ ಕೌಂಟರಿನಲ್ಲಿ ಕೂತವಳಿಗೆ ಹೇಗಾಗಬೇಡ.

ಅರ್ದಿಯಾದ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿರುವ ಕೊರಗಪ್ಪಣ್ಣನ ನೆನಪುಂಟಲ್ಲ? ಹೆಂಡತಿ ತೀರಿಕೊಂಡ ಮೇಲೆ ಮಗ ಸುಮಿತ್‌ನನ್ನು ಒಬ್ಬರೇ ಸಾಕಿ ಓದಿಸಿದವರು. ಸುಮಿತ್ ಈಗ ಮಲೇಷ್ಯಾದ ಪೆನಾಂಗಿನಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ. ಅಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗಿಯನ್ನು ಮೆಚ್ಚಿದ. ಅವಳ ಊರು ಗಡಿಯಾಚೆ, ಥಾಯ್ಲೆಂಡಿನ ಹಾಟ್‌ಯಾಯ್. ಅಕ್ಟೋಬರ್ ಹನ್ನೆರಡಕ್ಕೆ ಹೆಣ್ಣಿನ ಮನೆಯಲ್ಲೇ ಮದುವೆ. ಕುವೈತಿನಿಂದ ಹದಿನೇಳು ಜನ ಪೆನಾಂಗಿಗೆ ವಿಮಾನದಲ್ಲಿ, ಅಲ್ಲಿಂದ ಗಂಡಿನ ದಿಬ್ಬಣ ಬಸ್ಸಿನಲ್ಲಿ ಗಡಿ ದಾಟುವುದೆಂದು ನಿರ್ಧಾರ. ನಮ್ಮ ಜನ ಎಲ್ಲಿಗೆ ಹೋದರೂ ದಿಬ್ಬಣದ ಬಸ್ಸು ಬಿಡುವವರಲ್ಲ. ಎರಡೂ ದೇಶಗಳಿಗೆ ನಮಗೀಗ ವೀಸಾ ಬೇಡವಾದ್ದರಿಂದ ಕೊನ್ರಾಡ್ ಒಂದೇ ದಿನದಲ್ಲಿ ಎಲ್ಲ ಸಿದ್ಧ ಮಾಡಿಬಿಟ್ಟ.

ನಾನು ಪಾಸ್‌ಪೋರ್ಟುಗಳನ್ನು ತಿರುವಿದೆ. ಹದಿನಾರು ಸರಿ ಇದ್ದವು. ಕೊರಗಪ್ಪಣ್ಣನದರಲ್ಲಿ ಮಾತ್ರ ಅದೇ ರಸ್ತೆ ಗಡಿಯಲ್ಲಿ ಈ ವರ್ಷ ಒಳಹೋದ ಎರಡು ಸೀಲು. ಜನವರಿಯದು ಹೆಣ್ಣು ನೋಡಲು ಹೋದದ್ದು, ಏಪ್ರಿಲಿನದು ನಿಶ್ಚಿತಾರ್ಥಕ್ಕೆ. ವೀಸಾ ಇಲ್ಲದೆ ಥಾಯ್ಲೆಂಡಿಗೆ ನೆಲದ ಗಡಿಯಿಂದ ಹೋಗಲು ಜನವರಿಯಿಂದ ಡಿಸೆಂಬರಿನೊಳಗೆ ಎರಡೇ ಸಲ ಅವಕಾಶ. ಮೂರನೆಯ ಸಲಕ್ಕೆ ಹಿಂದಕ್ಕೆ ಕಳಿಸುತ್ತಾರೆ. ದಿಬ್ಬಣ ಮುಂದೆ ಹೋಗುತ್ತದೆ, ಮದುಮಗನಿಗೆ ಹೆತ್ತವರಲ್ಲಿ ಉಳಿದಿರುವ ಅಪ್ಪ ಚೆಕ್‌ಪೋಸ್ಟಿನ ಬೆಂಚಿನಲ್ಲಿ ಕೂರುತ್ತಾರೆ.

"ಎಂತ ಮೇಡಂ, ವೀಸಾ ಫ್ರೀ ಅಂದ್ರೆ ಫ್ರೀ ಅಲ್ವಾ? ಕಸ್ಟಮರನ್ನು ಸುಮ್ಮನೆ ಯಾಕೆ ಹೆದರಿಸುವುದು?" ಎಂದ ಕೊನ್ರಾಡ್. ಎರಡು ಸಲ ಹೋದಾಗಲೂ ಯಾರೂ ಏನೂ ಕೇಳಲಿಲ್ಲವೆಂದು ಕೊರಗಪ್ಪಣ್ಣನೂ ಅವನ ಕಡೆಗೇ ಸೇರಿದರು. ಶುಭಕಾರ್ಯಕ್ಕೆ ಕಲ್ಲು ಹಾಕುತ್ತಿದ್ದೇನೆಂದು ಅವರ ನೆಂಟರು ಗೊಣಗಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಮಾತು ತಪ್ಪಾದರೆ ಮರುದಿನವೇ ಕೌಂಟರ್ ಬಿಡುತ್ತೇನೆ ಎಂದುಬಿಟ್ಟೆ. ಕೊನ್ರಾಡ್ ಅದನ್ನೂ ಒಪ್ಪಿಕೊಂಡ, ಹೇಳು ಈಗ.

ನಾನೇ ಥಾಯ್ಲೆಂಡಿನ ರಾಯಭಾರ ಕಚೇರಿಗೆ ಬರೆದೆ. ಮೂರನೇ ದಿನ ಉತ್ತರ ಬಂತು: ನೆಲದ ಗಡಿಯಲ್ಲಿ ವರ್ಷಕ್ಕೆ ಎರಡೇ ಸಲ, ವಿಮಾನದಲ್ಲಿ ಬಂದರೆ ಆ ಲೆಕ್ಕ ಇಲ್ಲ. ಪ್ರಿಂಟ್ ತೆಗೆದು ಕೊನ್ರಾಡ್‌ನ ಚಹಾದ ಪಕ್ಕದಲ್ಲಿಟ್ಟೆ. ಅವನು ಎರಡೆರಡು ಸಲ ಓದಿ ಕಿವಿ ತುರಿಸಿಕೊಂಡ.

ಕೊರಗಪ್ಪಣ್ಣನಿಗೆ ಬ್ಯಾಂಕಾಕ್ ಮೂಲಕ ಹಾಟ್‌ಯಾಯ್‌ಗೆ ಬೇರೆ ಟಿಕೆಟ್ ಮಾಡಿದೆ, ಒಂದು ದಿನ ಮೊದಲೇ. ಅವರ ಮುಖ ಸಣ್ಣದಾಯಿತು. "ಅಪ್ಪ ಇಲ್ಲದ್ದು ಎಂತ ದಿಬ್ಬಣ, ಅಕ್ಕ?" ಎಂದು ಕೇಳಿದರು.

"ಹೊರಡುವಾಗ ನೀವು ಇರುವುದಿಲ್ಲ ಕೊರಗಪ್ಪಣ್ಣ," ಎಂದೆ. "ಹೆಣ್ಣಿನ ಮನೆಗೆ ಮುಟ್ಟುವಾಗ ಮುಂದಿನ ಸೀಟಿನಲ್ಲಿ ನೀವೇ ಇರ್ತೀರಿ. ಅದು ನನ್ನ ಜವಾಬ್ದಾರಿ."

ದಿಬ್ಬಣ ಹೊರಟ ಬೆಳಿಗ್ಗೆ ನಾನು ಫೋನನ್ನು ಕೌಂಟರಿನ ಮೇಲೇ ಇಟ್ಟುಕೊಂಡು ಕೂತಿದ್ದೆ. ದಿಬ್ಬಣದಲ್ಲಿದ್ದ ಅವರ ತಂಗಿಯ ಮಗಳು ಶರಣ್ಯಾ ವಿಡಿಯೋ ಕಳಿಸಿದಳು. ಬಸ್ಸು ಗಡಿ ದಾಟಿ ನೂರು ಮಾರು ಹೋಗಿ ನಿಂತಿತು. ರಸ್ತೆ ಬದಿಯಲ್ಲಿ ಬಿಳಿ ಪಂಚೆ, ಜರಿ ಶಾಲು, ಕೈಯಲ್ಲಿ ಕೊಡೆ, ಹಾಟ್‌ಯಾಯ್‌ನಿಂದ ಬಂದು ಕಾಯುತ್ತಿದ್ದ ಕೊರಗಪ್ಪಣ್ಣ! ಸುಮಿತ್ ಬಸ್ಸಿನಿಂದ ಹಾರಿ ಇಳಿದು ಕಾಲಿಗೆ ಬಿದ್ದ. ಅಪ್ಪ ಅವನನ್ನು ಎಬ್ಬಿಸಿ, ತಾವೇ ಮೊದಲು ಹತ್ತಿ, ಹೊರಡು ಎನ್ನಲು ಡ್ರೈವರನಿಗೆ ಕುವೈತಿನ ಅಭ್ಯಾಸದಂತೆ "ಯಲ್ಲಾ" ಎಂದರು. ಮಲೇಷ್ಯಾದ ಡ್ರೈವರನಿಗೆ ಏನು ಅರ್ಥವಾಯಿತೋ, ಉದ್ದಕ್ಕೆ ಹಾರ್ನ್ ಹೊಡೆದ. ಗಡಿಯ ಸಾಲಿನಲ್ಲಿ ಅವರ ಮುಂದಿದ್ದ ಒಬ್ಬನನ್ನು ಮೂರನೇ ಸಲ ಎಂದು ಹಿಂದಕ್ಕೆ ಕಳಿಸಿದರಂತೆ. ನಾನು ಕೌಂಟರಿನಲ್ಲಿ ಗಿರಾಕಿಗಳ ಎದುರೇ ಅತ್ತೆ, ನಾಚಿಕೆ ಆಗಲಿಲ್ಲ.

ಮರುದಿನ ಕೊನ್ರಾಡ್ ಒಂದು ಪೆಟ್ಟಿಗೆ ಬಕ್ಲಾವಾ ತಂದು ಎಲ್ಲರಿಗೂ ಹಂಚಿದ. ಆ ಜಾತಕ ನೋಡುವುದನ್ನು ತನಗೂ ಕಲಿಸಬೇಕಂತೆ. ಈಗ ರಸ್ತೆ ಗಡಿಯ ಯಾವ ಫೈಲೂ ನನ್ನ ಸಹಿ ಇಲ್ಲದೆ ಹೊರಗೆ ಹೋಗುವುದಿಲ್ಲ. ಇಲ್ಲಿರುವ ಪರವಾನಗಿ, ಇಕಾಮಾ, ಎರಡು ವರ್ಷಕ್ಕೆ ಹೊಸದಾಯಿತು. ಜಂಬವೆಂದು ಅಂದುಕೊಳ್ಳುತ್ತೀಯಾದರೆ ಹೌದು, ಜಂಬವೇ. ಐವತ್ತೆರಡರಲ್ಲಿ ಅಷ್ಟೂ ಬೇಡವೇ?

ಮಕ್ಕಳಿಗೆ ಮುತ್ತು. ಉಮ್ಮನಿಗೆ ನನ್ನ ನಮಸ್ಕಾರ ಹೇಳು. ನೀನು ಎಲ್ಲಿದ್ದರೂ ತಲೆಯೆತ್ತಿ ಬಾಳಬೇಕು, ಅದೇ ನನ್ನ ಹಾರೈಕೆ.

ನಿನ್ನ,
ಹರಿಣಾಕ್ಷಿ

ಮತ್ತೆ: ಈ ನಿಯಮ ನಿಮಗೆ ಹೇಗೆ ಇಷ್ಟು ಬಾಯಿಪಾಠ ಎಂದು ಎಲ್ಲರೂ ಕೇಳುತ್ತಾರೆ, ಅನುಭವ ಎನ್ನುತ್ತೇನೆ. ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಅದೇ ಗಡಿಯಿಂದ ಮೂರನೇ ಸಲವೆಂದು ಗಂಡ ಹೆಂಡತಿ ಇಬ್ಬರನ್ನು ಹಿಂದಕ್ಕೆ ಕಳಿಸಿದರಲ್ಲ, ಫೈಲಿನಲ್ಲಿ ನಿನ್ನ ಹೆಸರಿತ್ತು, ನಮ್ಮ ದೊಡ್ಡ ಸಾಹೇಬರು, ಮುದೀರ್, ನಿನಗೆ ಖಲಾಸ್ ಎಂದು ಕೆಲಸದಿಂದ ತೆಗೆದರು. ಅವರ ಟಿಕೆಟ್ ಆದ ದಿನ ನೀನು ಮಗುವಿಗೆ ಜ್ವರವೆಂದು ಬೇಗ ಹೋಗಿದ್ದೆ. ನಿನ್ನ ಕಂಪ್ಯೂಟರ್ ತೆರೆದೇ ಇತ್ತು. ಅದರಲ್ಲಿ ಟಿಕೆಟ್ ಮಾಡಿದವಳು ನಾನು. ಪಾಸ್‌ಪೋರ್ಟ್ ತಿರುವಿ ನೋಡಲಿಲ್ಲ. ಆಮೇಲೆ ನೀನು "ನಾನೇ ಮರೆತಿರಬೇಕು" ಎಂದು ಮುದೀರ್ ಮುಂದೆ ಅಳುವಾಗ, ನಾನು ನಿನಗೆ ನೀರು ತಂದುಕೊಟ್ಟೆ, ಬಾಯಿ ಬಿಡಲಿಲ್ಲ. ಭಾನುವಾರ ಆಫೀಸು ತೆರೆದ ಕೂಡಲೇ ಇದನ್ನೆಲ್ಲ ಮುದೀರ್‌ಗೆ ಬರೆದುಕೊಡುತ್ತೇನೆ. ಅವರು ಏನು ಮಾಡುತ್ತಾರೋ ಮಾಡಲಿ. ನೀನು ಏನನ್ನೂ ಮರೆತಿರಲಿಲ್ಲ ರಶೀದಾ.