ಮೈ ಹುಷಾರ್ ನಹೀ

ಕೋಪರಿ, ಥಾಣೆ ಪೂರ್ವ
೧೧ ಫೆಬ್ರವರಿ ೨೦೨೫

ಸುಮೇಧಾಳ ಅಪ್ಪನಿಗೆ, ವಾರಿಜಾಳ ನಮಸ್ಕಾರ.

ನಿಮ್ಮ ಮೊಣಕಾಲು ನೋವು ಹೇಗಿದೆ? ಮಸ್ಕತ್ತಿನ ಹೋಟೆಲಿನಲ್ಲಿ ದಿನವಿಡೀ ದೋಸೆಕಲ್ಲಿನ ಮುಂದೆ ನಿಲ್ಲಬೇಡಿ, ಸ್ಟೂಲು ಹಾಕಿಕೊಳ್ಳಿ. ನಾಚಿಕೆ ಏಕೆ, ಕೂತು ಹೊಯ್ದ ದೋಸೆಯೂ ದೋಸೆಯೇ. ನಿಮ್ಮ ಜತೆಗಾರ ಕಶ್ಯಪ ರಜೆ ಮುಗಿಸಿ ಇವತ್ತು ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಫೋನಿನಲ್ಲಿ ನಿಮ್ಮ ದನಿ ಕೇಳಿದೊಡನೆ ನನ್ನ ಬಾಯಿ ತಾನಾಗಿಯೇ ಸೌಖ್ಯ ಎಂದುಬಿಡುತ್ತದೆ. ನನಗೆ ಸೌಖ್ಯವಿಲ್ಲ. ಎಡಗಡೆ ಮೊಲೆಯಲ್ಲಿ ಗಡ್ಡೆ ಇದೆ. ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡಿದ್ದಾರೆ, ರಿಪೋರ್ಟು ಇನ್ನೂ ಬಂದಿಲ್ಲ. ನನಗೆ ಹೆದರಿಕೆಯಾಗಿದೆ.

ಪರೀಕ್ಷೆಯ ದಿನ ಮಗಳೂ ಜತೆಗಿದ್ದಳು. ಏನಾಗಿದೆ ಆಂಟಿ ಎಂದು ಅಲ್ಲಿಯ ಮರಾಠಿ ನರ್ಸ್ ಕೇಳಿದಳು. ಇಷ್ಟು ವರ್ಷ ಇಲ್ಲಿದ್ದರೂ ಹೆದರಿದಾಗ ನನ್ನ ಹಿಂದಿ ಉಡುಪಿಗೆ ಓಡುತ್ತದೆ. "ಮೈ ಹುಷಾರ್ ನಹೀ" ಎಂದೆ. ಆಕೆಗೆ ಮೈ ಎಂದರೆ ನಾನು, ಹುಷಾರ್ ಎಂದರೆ ಜಾಣೆ. ಪಾಪ, ನನ್ನ ಕೈ ಹಿಡಿದುಕೊಂಡು, "ಐಸಾ ನಹೀ ಬೋಲನೇ ಕಾ ಆಂಟಿ, ಆಪ್ ಬಹುತ್ ಹುಷಾರ್ ಹೋ" ಎಂದು ಸಮಾಧಾನ ಮಾಡಿದಳು. ನನಗೆ ನಗು ಬಂತು, ಹಿಂದೆಯೇ ಅಳು.

ಸುಮೇಧಾ ಮಾತ್ರ ನಗಲಿಲ್ಲ. ವಾಶಿಯ ನರ್ಸಿಂಗ್ ಕಾಲೇಜಿನಲ್ಲಿ ಅವಳಿಗೊಂದು ಸಿದ್ಧಾಂತ ಕಲಿಸುತ್ತಿದ್ದಾರಂತೆ. ರೋಗ, ಆರೋಗ್ಯ ಎರಡೂ ಒಂದೇ ಬದುಕಿನ ನೇಯ್ಗೆಯಂತೆ. ಕಾಯಿಲೆಯ ನಡುವೆ ಮನುಷ್ಯ ತಾನು ಬದುಕಿದ ರೀತಿಯನ್ನು ಕಂಡುಕೊಂಡರೆ, ಆ ಎಚ್ಚರ ಬೆಳೆಯುವುದೇ ಆರೋಗ್ಯವಂತೆ. "ಅಮ್ಮಾ, ಕನ್ನಡ ಮೇ ದೋನೋ ಕೋ ಹುಷಾರ್ ಹೀ ಬೋಲ್ತೇ ಹೈ ನಾ?" ಎಂದಳು. ಹೌದಲ್ಲ, ಎಚ್ಚರವಾಗಿರುವುದಕ್ಕೂ ಹುಷಾರು, ಕಾಯಿಲೆ ಇಲ್ಲದ್ದಕ್ಕೂ ಹುಷಾರು. ನಿನ್ನ ಸಿದ್ಧಾಂತ ಗಡ್ಡೆ ಕರಗಿಸುತ್ತದಾ ಎಂದು ರೇಗಿದೆ. ಅವಳು ಮೆಲ್ಲಗೆ ಕೇಳಿದಳು, ಅದು ಕೈಗೆ ಸಿಕ್ಕಿದ್ದು ಯಾವಾಗ ಎಂದು. ನೀವು ವಿಮಾನ ಹತ್ತುವ ಮುಂಚೆಯೇ ಸಿಕ್ಕಿತ್ತು. ಹೇಳಿದ್ದರೆ ನೀವು ಹೋಗುತ್ತಿರಲಿಲ್ಲ. ತವರಿನಲ್ಲೂ ಹೀಗೆಯೇ, ಜ್ವರ ಬಂದರೂ ಎಲ್ಲರಿಗೂ ಬಡಿಸಿಯೇ ಮಲಗುತ್ತಿದ್ದೆ. ಅದನ್ನು ಒಳ್ಳೆಯತನ ಎಂದುಕೊಂಡಿದ್ದೆ. ಯಾರಿಗಾದರೂ ಭಾರವಾದರೆ ಬೇಡವಾಗುತ್ತೇನೆ ಎಂಬ ಹೆದರಿಕೆ ಅದು ಎಂದು ಈ ವಯಸ್ಸಿಗೆ ತಿಳಿಯಿತು.

ಇದಕ್ಕಾಗಿ ಕೆಲಸ ಬಿಟ್ಟು ಓಡಿಬರುವುದೇನೂ ಬೇಡ. ಹಪ್ಪಳ, ಮಿಡಿ ಉಪ್ಪಿನಕಾಯಿ ಕಳಿಸಿದ್ದೇನೆ. ಉಡುಪಿಯ ಕೃಷ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ವಾರಿಜಾ

ತಾ.ಕ.: ಕಶ್ಯಪ ಕೆಳಗೆ ರಿಕ್ಷಾ ನಿಲ್ಲಿಸಿಕೊಂಡು ಕೂಗುತ್ತಿದ್ದಾನೆ. ಈಗಷ್ಟೇ ಸುಮೇಧಾಳ ಮೊಬೈಲಿಗೆ ರಿಪೋರ್ಟು ಬಂತು. ಕ್ಯಾನ್ಸರೇ. ಬೇಗ ಆಪರೇಷನ್ ಆಗಬೇಕಂತೆ. ಇದನ್ನು ಓದಿ ನೀವು ಫೋನ್ ಮಾಡುತ್ತೀರಿ, ನಾನು ಬರಬೇಡಿ ಎಂದೇ ಹೇಳುತ್ತೇನೆ. ನಂಬಬೇಡಿ. ಬನ್ನಿ.